ಸ್ವಂತ ಹಾಯಿದೋಣಿಯಲ್ಲಿ ಮಾಲ್ದೀವ್ಸ್‌ಗೆ: ಕಾಸರಗೋಡಿನಿಂದಲೇ ಹೊರಡಬಹುದೇ?

ಚಂದ್ರಗಿರಿ ಮಾಸ್ತರ್, ಕಾಸರಗೋಡು

ಎಲ್ಲರಿಗೂ ನಮಸ್ಕಾರ. ನಾನು ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಗಣಿತ ಕಲಿಸಿ ಮೂರು ವರ್ಷಗಳ ಹಿಂದೆ ನಿವೃತ್ತನಾದವನು. ಈಜು ಬರುತ್ತದೆ, ಆದರೆ ದಡ ಕಣ್ಮರೆಯಾಗುವಷ್ಟು ದೂರ ಕಡಲಿಗೆ ಹೋದವನಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹದಿನೆಂಟು ವರ್ಷ ಗಲ್ಫಿನಲ್ಲಿ ದುಡಿದು, ಅಲ್ಲಿಯೇ ರಜಾದಿನಗಳಲ್ಲಿ ಹಾಯಿದೋಣಿ ನಡೆಸಲು ಕಲಿತು ಊರಿಗೆ ಮರಳಿದ್ದಾನೆ. ಕಳೆದ ವರ್ಷ ಅವನು ಕೊಚ್ಚಿಯಲ್ಲಿ 34 ಅಡಿ ಉದ್ದದ, ಒಂದೇ ಕೂವೆಮರದ, ಫೈಬರ್‌ಗ್ಲಾಸಿನ ಹಾಯಿದೋಣಿಯೊಂದನ್ನು ಸೆಕೆಂಡ್‌ಹ್ಯಾಂಡ್ ಆಗಿ ಕೊಂಡುಕೊಂಡ. ಅದರಲ್ಲಿ ಮಾಲ್ದೀವ್ಸ್‌ನ ಬಡಗು ತುದಿಯಲ್ಲಿರುವ ಉಲಿಗಮು ದ್ವೀಪಕ್ಕೆ ಹೋಗಿ ಬರಬೇಕೆಂಬುದು ಅವನ ಆಸೆ. ಚುಕ್ಕಾಣಿಗೆ ಅವನು, ಅಡುಗೆಗೆ ಅವನ ಭಾವ, ನಕ್ಷೆ ಓದಲು ನಾನು ಎಂದು ಅವನೇ ಹಂಚಿಕೆ ಮಾಡಿಬಿಟ್ಟಿದ್ದಾನೆ. ಶಿಷ್ಯನ ಮಾತನ್ನು ತೆಗೆದುಹಾಕಲು ನನಗೂ ಮನಸ್ಸಿಲ್ಲ.

ದೋಣಿಯನ್ನು ಕೊಚ್ಚಿಯಿಂದ ಇಲ್ಲಿಗೆ ತಂದು, ಊರವರ ಎದುರಿಗೆ, ಕೀಯೂರಿನ ಅಳಿವೆಯಿಂದಲೇ ಹೊರಡಬೇಕೆಂದು ಅವನ ಹಟ. ನಾನು ನಕ್ಷೆಯ ಮೇಲೆ ಲೆಕ್ಕ ಹಾಕಿದೆ. ಕಾಸರಗೋಡು ಇರುವುದು ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಉಲಿಗಮು ಏಳು ಡಿಗ್ರಿಯ ಸ್ವಲ್ಪ ಮೇಲೆ. ನೇರ ಗೆರೆ ಎಳೆದರೆ ಸುಮಾರು 350 ನಾಟಿಕಲ್ ಮೈಲು, ಎಂದರೆ 650 ಕಿಲೋಮೀಟರು ಬರುತ್ತದೆ. ಗಂಟೆಗೆ 5 ಮೈಲಿನಂತೆ ಹೋದರೆ 70 ಗಂಟೆ. ಆ ಗೆರೆ ಲಕ್ಷದ್ವೀಪದ ಮಿನಿಕಾಯ್ ದ್ವೀಪದ ಮೂಡುಬದಿಯಲ್ಲಿ ಇಪ್ಪತ್ತು ಮೈಲಿನ ಒಳಗೇ ಹಾದುಹೋಗುವುದರಿಂದ, ಅಲ್ಲಿ ಒಂದು ರಾತ್ರಿ ತಂಗಬಹುದೇ ಎಂಬುದು ಒಂದು ಪ್ರಶ್ನೆ. ಯಾವ ತಿಂಗಳು ಒಳ್ಳೆಯದು, ಯಾವ ಯಾವ ಕಾಗದಪತ್ರ ಬೇಕು ಎಂಬುದು ಇನ್ನೊಂದು. ಸದ್ಯಕ್ಕೆ ನಮ್ಮ ಕೈಯಲ್ಲಿರುವುದು ಮಾರಾಟದ ಪತ್ರ ಮತ್ತು ಹಿನ್ನೀರಿನಲ್ಲಿ ಓಡಿಸಲು ಹಿಂದಿನ ಮಾಲೀಕರು ಮಾಡಿಸಿದ್ದ ನೋಂದಣಿ ಮಾತ್ರ.

ದಿನಕ್ಕೊಮ್ಮೆ ಫೋನ್ ಮಾಡಬೇಕೆಂಬುದು ನನ್ನ ಮನೆಯವಳು ಹಾಕಿದ ಷರತ್ತು. ಅದಕ್ಕೆ ತೊಂದರೆಯಿಲ್ಲ, ದುಬೈಯಿಂದ ತಂದ ಸ್ಯಾಟಲೈಟ್ ಫೋನ್ ಒಂದು ತನ್ನ ಬಳಿ ಇದೆ ಎಂದು ಶಿಷ್ಯ ಹೇಳುತ್ತಾನೆ. ತಿಳಿದವರು ದಯವಿಟ್ಟು ಬರೆಯಿರಿ.

ಬಂದರು ಗುಮಾಸ್ತ, ನೀಲೇಶ್ವರ

ಮಾಸ್ತರರೇ, ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರುಮಾಡುತ್ತೇನೆ, ಏಕೆಂದರೆ ಉಳಿದ ತಪ್ಪುಗಳಿಗೆ ದಂಡ ಕಟ್ಟಿ ಪಾರಾಗಬಹುದು, ಅದೊಂದಕ್ಕೆ ಜೈಲು ಸೇರಬೇಕಾದೀತು. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ತುರಾಯಾ ಅಥವಾ ಇರಿಡಿಯಂ ಸ್ಯಾಟಲೈಟ್ ಫೋನನ್ನು ಭಾರತದಲ್ಲಿ ಇಟ್ಟುಕೊಳ್ಳುವುದೂ ಬಳಸುವುದೂ ಅಪರಾಧ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಕೈಯಳತೆಯ ಉಪಕರಣಗಳಿಗೂ ಇದೇ ಕಟ್ಟು. 2008ರ ಮುಂಬೈ ದಾಳಿಯ ನಂತರ ಕರಾವಳಿಯಲ್ಲಿ ಈ ವಿಷಯವನ್ನು ಯಾರೂ ಹಗುರವಾಗಿ ನೋಡುವುದಿಲ್ಲ, ಮತ್ತು ಅಂಥ ಫೋನಿನ ಕರೆ ಎಲ್ಲಿಂದ ಹೋಯಿತೆಂಬುದು ತಕ್ಷಣ ಪತ್ತೆಯಾಗುತ್ತದೆ. ಆ ಫೋನನ್ನು ದೋಣಿಗೆ ಹತ್ತಿಸುವುದು ಬೇಡವೇ ಬೇಡ. ಮೊದಲು ಒಬ್ಬ ವಕೀಲರನ್ನು ಕಂಡು, ಅದನ್ನು ಏನು ಮಾಡಬೇಕೆಂದು ಕೇಳಲು ನಿಮ್ಮ ಶಿಷ್ಯನಿಗೆ ಹೇಳಿ.

ಅದರ ಬದಲಿಗೆ ಇ-ಪರ್ಬ್ ಎಂಬ ಅಪಾಯಸೂಚಕ ಬೇಕು. ನೀರಿಗೆ ಬಿದ್ದರೆ ತಾನಾಗಿ, ಇಲ್ಲವೇ ಕೈಯಿಂದ ಒತ್ತಿದರೆ, 406 ಮೆಗಾಹರ್ಟ್ಸ್‌ನಲ್ಲಿ ಸಂಕೇತ ಕಳಿಸುವ ಪೆಟ್ಟಿಗೆ ಅದು. ಆ ಸಂಕೇತ ಉಪಗ್ರಹದಿಂದ ಇಸ್ರೋದ ಬೆಂಗಳೂರು ಕೇಂದ್ರಕ್ಕೆ ತಲುಪಿ, ಅಲ್ಲಿಂದ ಕೋಸ್ಟ್ ಗಾರ್ಡ್‌ನ ರಕ್ಷಣಾ ಕೇಂದ್ರಕ್ಕೆ ಹೋಗುತ್ತದೆ. ಪೆಟ್ಟಿಗೆಯನ್ನು ದೋಣಿಯ ಹೆಸರಿನಲ್ಲಿ ನೋಂದಾಯಿಸಿರಬೇಕು. ಇಲ್ಲದಿದ್ದರೆ ಕೂಗು ಕೇಳಿಸುತ್ತದೆ, ಕೂಗಿದವರು ಯಾರೆಂದು ಗೊತ್ತಾಗುವುದಿಲ್ಲ. ಅದರಿಂದ ಮನೆಯವರಿಗೆ ಫೋನ್ ಮಾಡಲಾಗದು, ನಿಜ. ಎರಡು ಮೂರು ದಿನ ಸುದ್ದಿಯಿಲ್ಲದಿದ್ದರೆ ಅದು ಸಹಜ, ಇಂತಿಷ್ಟು ಗಂಟೆ ಕಳೆದ ಮೇಲೂ ಇಲ್ಲದಿದ್ದರೆ ಕೋಸ್ಟ್ ಗಾರ್ಡ್‌ನ 1554ಕ್ಕೆ ಕರೆ ಮಾಡು ಎಂದು ಮೊದಲೇ ಬರೆದುಕೊಟ್ಟು ಹೋಗುವುದು ಒಳ್ಳೆಯದು.

ಇನ್ನು ಕಾಗದದ ವಿಷಯ. ಹಿನ್ನೀರಿನ ನೋಂದಣಿ ಹಿನ್ನೀರಿಗೆ ಮಾತ್ರ. ಮೀನುಗಾರಿಕೆ ದೋಣಿಯ ಪರವಾನಗಿಯೂ ಹೊರದೇಶಕ್ಕೆ ಹೋಗಲು ನಡೆಯುವುದಿಲ್ಲ. ವಿದೇಶದ ಬಂದರಿನಲ್ಲಿ ನಿಮ್ಮ ದೋಣಿ ಭಾರತದ ಬಾವುಟ ಹಾರಿಸಬೇಕಾದರೆ, ಮರ್ಕಂಟೈಲ್ ಮರೈನ್ ಡಿಪಾರ್ಟ್‌ಮೆಂಟಿನಲ್ಲಿ ಅದು ಭಾರತೀಯ ನೌಕೆಯಾಗಿ ನೋಂದಣಿಯಾಗಿರಬೇಕು. ಅಳತೆ, ಸರ್ವೆ, ರೇಡಿಯೊ ಪರವಾನಗಿ ಎಲ್ಲವೂ ಅದರ ಬೆನ್ನಿಗೇ ಬರುತ್ತವೆ. ಇದಕ್ಕೆ ವಾರಗಳಲ್ಲ, ತಿಂಗಳುಗಳು ಬೇಕು. ಹಿಂದಿನ ಮಾಲೀಕರು ದೋಣಿಯನ್ನು ಹೊರದೇಶದಿಂದ ತರಿಸಿದ್ದಾಗಿದ್ದರೆ ಸುಂಕ ಕಟ್ಟಿದ ರಸೀದಿ ಇದೆಯೇ ಎಂದು ಈಗಲೇ ಕೇಳಿ ಇಟ್ಟುಕೊಳ್ಳಿ. ಕೊನೆಯ ಗಳಿಗೆಯಲ್ಲಿ ಅದೊಂದು ಹಾಳೆಗಾಗಿ ದೋಣಿ ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೀಯೂರಿನಿಂದ ನೇರವಾಗಿ ಹೊರಡುವ ಮಾತು ಆಗದು. ಕೀಯೂರು, ಮಂಜೇಶ್ವರ, ಚೆರ್ವತ್ತೂರು ಇವೆಲ್ಲ ಮೀನುಗಾರಿಕೆ ಬಂದರುಗಳು. ಅಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವವರಿಲ್ಲ. 1962ರ ಕಸ್ಟಮ್ಸ್ ಕಾಯಿದೆಯ 42ನೆಯ ಸೆಕ್ಷನ್ ಪ್ರಕಾರ, ಅಧಿಕಾರಿಯ ಲಿಖಿತ ಅಪ್ಪಣೆಯಿಲ್ಲದೆ ಯಾವ ನೌಕೆಯೂ ಕಸ್ಟಮ್ಸ್ ಬಂದರನ್ನು ಬಿಟ್ಟು ವಿದೇಶಕ್ಕೆ ಹೊರಡುವಂತಿಲ್ಲ. ಇಮಿಗ್ರೇಷನ್ ಮತ್ತು ಕಸ್ಟಮ್ಸ್ ಎರಡೂ ಇರುವ ನಮಗೆ ಹತ್ತಿರದ ಬಂದರೆಂದರೆ ಪಣಂಬೂರಿನ ನವಮಂಗಳೂರು, ಆದರೆ ಅದು ಅದಿರು, ಎಣ್ಣೆ, ಕಲ್ಲಿದ್ದಲಿನ ಹಡಗುಗಳ ಜಾಗ. ಹಾಯಿದೋಣಿಯ ಕಡತ ಹಿಡಿದು ಹೋದರೆ ಅಲ್ಲಿಯವರು ನಿಮ್ಮನ್ನು ಕುತೂಹಲದಿಂದ ನೋಡಿಯಾರು. ಕೊಚ್ಚಿಯಲ್ಲಿ ಬೋಳ್ಗಾಟ್ಟಿಯ ಮರೀನಾ ಇದೆ, ವಿದೇಶದ ಹಾಯಿದೋಣಿಗಳು ಬಂದುಹೋಗುತ್ತವೆ, ಅಧಿಕಾರಿಗಳಿಗೆ ಪದ್ಧತಿ ಗೊತ್ತು. ಅಲ್ಲಿಂದ ಹೊರಡುವಾಗ ಸಿಗುವ ಪೋರ್ಟ್ ಕ್ಲಿಯರೆನ್ಸ್ ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನ ಮಾಡಿ. ಮಾಲ್ದೀವ್ಸ್‌ನವರು ಮೊದಲು ಕೇಳುವುದೇ ಅದನ್ನು.

ಮಿನಿಕಾಯ್‌ನಲ್ಲಿ ತಂಗುವ ಆಲೋಚನೆಯನ್ನೂ ಬಿಡಿ. ಲಕ್ಷದ್ವೀಪಕ್ಕೆ ಕಾಲಿಡಲು ಹೊರಗಿನ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. 1967ರ ನಿಯಮ ಅದು. ಅಲ್ಲದೆ ಕೊಚ್ಚಿಯಲ್ಲಿ ಪಾಸ್‌ಪೋರ್ಟಿಗೆ ನಿರ್ಗಮನದ ಮುದ್ರೆ ಬಿದ್ದ ಮೇಲೆ ಕಾನೂನಿನ ಲೆಕ್ಕದಲ್ಲಿ ನೀವು ದೇಶ ಬಿಟ್ಟವರು. ಮಧ್ಯದಲ್ಲಿ ಮತ್ತೊಂದು ಭಾರತೀಯ ದ್ವೀಪಕ್ಕೆ ಇಳಿದರೆ ಲೆಕ್ಕ ತಪ್ಪುತ್ತದೆ. ಬರುವಾಗಲೂ ಹಾಗೆಯೇ: ಊರಿನ ದೀಪ ಕಾಣಿಸಿದರೂ ಕೊಚ್ಚಿಗೇ ಹೋಗಿ ಮುದ್ರೆ ಹಾಕಿಸಿಕೊಂಡು ಮತ್ತೆ ಊರಿಗೆ ಬರಬೇಕು.

ಕುಂಬಳೆಯ ಹಳೆ ಹಡಗಿನವ

ಗುಮಾಸ್ತರು ಕಾನೂನನ್ನು ಸರಿಯಾಗಿ ಹೇಳಿದ್ದಾರೆ. ನಾನು ಸರಕು ಹಡಗುಗಳ ಚಾಲನಾ ಕಟ್ಟೆಯಾದ ಬ್ರಿಜ್‌ನಲ್ಲಿ ಮೂವತ್ತು ವರ್ಷ ಪಾಳಿ ಮಾಡಿದವನು. ನಿಮ್ಮಂಥ ಸಣ್ಣ ದೋಣಿಗಳನ್ನು ಮೇಲಿನಿಂದ ನೋಡಿದವನು. ನೋಡದೆಯೇ ದಾಟಿಹೋದ ದೋಣಿಗಳೆಷ್ಟೋ, ಅದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮಾಸ್ತರರೇ, ನೀವು ದೂರದ ಲೆಕ್ಕ ಮಾಡಿದ್ದೀರಿ, ಅದರ ಜೊತೆಗೆ ಬೆಳಕಿನ ಲೆಕ್ಕವೊಂದನ್ನೂ ಮಾಡಿ. ಅಂತರರಾಷ್ಟ್ರೀಯ ನಿಯಮದ ಪ್ರಕಾರ 50 ಮೀಟರಿಗಿಂತ ಉದ್ದದ ಹಡಗಿನ ಕೂವೆಮರದ ಬಿಳಿದೀಪ 6 ಮೈಲು ದೂರಕ್ಕೆ ಕಾಣಬೇಕು. 12 ಮೀಟರಿಗಿಂತ ಚಿಕ್ಕದಾದ ನಿಮ್ಮ ದೋಣಿಯ ಕೆಂಪು, ಹಸಿರು ದೀಪಗಳು 1 ಮೈಲು ದೂರಕ್ಕೆ ಕಂಡರೆ ಸಾಕು. ಈಗ 18 ನಾಟ್, ಎಂದರೆ ಗಂಟೆಗೆ 18 ನಾಟಿಕಲ್ ಮೈಲು ವೇಗದ ಹಡಗೊಂದು ನೇರವಾಗಿ ನಿಮ್ಮ ಮೇಲೆಯೇ ಬರುತ್ತಿದೆಯೆನ್ನಿ. ಅದರ ದೀಪ ನಿಮ್ಮ ಕಣ್ಣಿಗೆ ಬಿದ್ದ ಗಳಿಗೆಯಿಂದ ಅದು ನಿಮ್ಮ ಬಳಿಗೆ ಬರಲು 20 ನಿಮಿಷ. ಆದರೆ ಅದರ ಬ್ರಿಜ್‌ನಲ್ಲಿ ನಿಂತವನಿಗೆ ನಿಮ್ಮ ದೀಪ ಕಂಡ ಮೇಲೆ ಉಳಿಯುವುದು ಮೂರು ನಿಮಿಷ ಚಿಲ್ಲರೆ ಮಾತ್ರ. ಅಷ್ಟರಲ್ಲಿ 300 ಮೀಟರ್ ಉದ್ದದ ಕಂಟೇನರ್ ಹಡಗನ್ನು ತಿರುಗಿಸಲು ಯಾರಿಂದಲೂ ಆಗುವುದಿಲ್ಲ. ಹಾಯಿದೋಣಿಗೆ ಇಂಜಿನ್ ಹಡಗು ದಾರಿ ಬಿಡಬೇಕೆಂಬ ನಿಯಮ ಪುಸ್ತಕದಲ್ಲಿದೆ, ನಿಜ. ಅದನ್ನು ನಂಬಿ ಕೂರಬೇಡಿ. ತಪ್ಪಿಸಿಕೊಳ್ಳುವ ಕೆಲಸ ನಿಮ್ಮದೇ ಎಂದು ತಿಳಿದು, ಆ ಇಪ್ಪತ್ತು ನಿಮಿಷಗಳ ಮೊದಲ ಐದು ನಿಮಿಷದಲ್ಲೇ ನಿರ್ಧಾರ ಮಾಡಿ.

ನಿರ್ಧಾರ ಮಾಡುವುದು ಹೇಗೆಂದರೆ, ದೂರದ ದೀಪದ ದಿಕ್ಕನ್ನು ದಿಕ್ಸೂಚಿಯಿಂದ ಅಳೆದು ಬರೆದಿಟ್ಟುಕೊಳ್ಳಿ. ಮೂರು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ದಿಕ್ಕು ಬದಲಾಗುತ್ತಿದ್ದರೆ ಹಡಗು ನಿಮ್ಮ ಮುಂದೆಯೋ ಹಿಂದೆಯೋ ಹಾದುಹೋಗುತ್ತದೆ. ದಿಕ್ಕು ಬದಲಾಗದೆ ದೀಪ ಮಾತ್ರ ದೊಡ್ಡದಾಗುತ್ತಿದ್ದರೆ ಡಿಕ್ಕಿ ನಿಶ್ಚಿತ. ಕೆಂಪು, ಹಸಿರು ಎರಡೂ ಒಟ್ಟಿಗೆ ಕಂಡವೆಂದರೆ ಹಡಗಿನ ಮೂತಿ ನಿಮ್ಮ ಕಡೆಗೇ ಇದೆ. ಇದರಲ್ಲಿ ತ್ರಿಕೋನಮಿತಿಯ ಪಾಠ ಬಿಟ್ಟರೆ ಬೇರೇನೂ ಇಲ್ಲ, ನಿಮಗೆ ಹೇಳಿಕೊಡಬೇಕಾಗಿಲ್ಲ.

ಎ.ಐ.ಎಸ್. ಎಂಬ ಉಪಕರಣ ಹಾಕಿಸಲೇಬೇಕು, ಮತ್ತು ಅದು ಹಡಗುಗಳನ್ನು ತೋರಿಸುವುದಷ್ಟೇ ಅಲ್ಲ, ನಿಮ್ಮ ಸ್ಥಾನವನ್ನೂ ಸಾರುವಂಥದ್ದಾಗಿರಬೇಕು. ಅದಕ್ಕೆ ಭಾರತದಲ್ಲಿ 419ರಿಂದ ಶುರುವಾಗುವ ಒಂಬತ್ತು ಅಂಕೆಗಳ ಗುರುತುಸಂಖ್ಯೆ ಕೊಡುತ್ತಾರೆ. ಫೈಬರ್‌ಗ್ಲಾಸಿನ ದೋಣಿ ರಾಡಾರಿನಲ್ಲಿ ಬಹಳ ಮಂಕಾಗಿ ಕಾಣುವುದರಿಂದ ಕೂವೆಮರಕ್ಕೆ ಲೋಹದ ಪ್ರತಿಫಲಕವೊಂದನ್ನೂ ಕಟ್ಟಿಸಿ. ವಿ.ಎಚ್.ಎಫ್. ರೇಡಿಯೊದ 16ನೆಯ ಚಾನೆಲ್ ಹಗಲಿರುಳು ತೆರೆದಿರಲಿ.

ಕೊಚ್ಚಿಯಿಂದ ಉಲಿಗಮುವಿಗೆ ಸುಮಾರು 260 ಮೈಲು. ಮೊದಲ ರಾತ್ರಿ ಕನ್ಯಾಕುಮಾರಿಯನ್ನು ಸುತ್ತಿ ಮುಂಬೈ, ಗಲ್ಫ್ ಕಡೆಗೆ ಹೋಗಿಬರುವ ಹಡಗುಗಳ ಸಾಲನ್ನು ದಾಟುತ್ತೀರಿ. ಎರಡನೆಯ ರಾತ್ರಿ ಇನ್ನೂ ಗಟ್ಟಿ. ಮಿನಿಕಾಯ್‌ನ ಬಡಗಿಗೆ ಒಂಬತ್ತು ಡಿಗ್ರಿ ಕಡಲಹಾದಿ, ತೆಂಕಿಗೆ ಎಂಟು ಡಿಗ್ರಿ ಕಡಲಹಾದಿ. ಸೂಯೆಜ್ ಮತ್ತು ಗಲ್ಫಿನಿಂದ ಕೊಲಂಬೊ, ಸಿಂಗಾಪುರಗಳಿಗೆ ಹೋಗುವ ಹಡಗುಗಳು ಈ ಎರಡು ಬಾಗಿಲುಗಳಿಂದ ನುಗ್ಗಿ, ನಿಮ್ಮ ದಾರಿಗೆ ಅಡ್ಡಲಾಗಿ ಬರುತ್ತವೆ. ಆ ರಾತ್ರಿ ಮೂವರಲ್ಲಿ ಒಬ್ಬರು ಯಾವಾಗಲೂ ಮೇಲೆ ಎಚ್ಚರವಾಗಿರಲೇಬೇಕು. ಮೂರು ಗಂಟೆ ಪಾಳಿ, ಆರು ಗಂಟೆ ನಿದ್ದೆ. ಅಡುಗೆಯವನೆಂದು ಭಾವನನ್ನು ಪಾಳಿಯಿಂದ ಬಿಡಬೇಡಿ.

ತೇಲುವ ಕಂಟೇನರುಗಳ ಭಯವೂ ಕಟ್ಟುಕತೆಯಲ್ಲ. 2025ರ ಮೇ 25ರಂದು ಎಂ.ಎಸ್.ಸಿ. ಎಲ್ಸಾ 3 ಎಂಬ ಹಡಗು 640 ಕಂಟೇನರುಗಳೊಂದಿಗೆ ಕೊಚ್ಚಿಯ ಹೊರಗಡಲಿನಲ್ಲಿ ಮುಳುಗಿತು. ಆಮೇಲೆ ಕೊಲ್ಲಂ, ಆಲಪ್ಪುಳದ ದಡಗಳಿಗೆ ಪೆಟ್ಟಿಗೆಗಳು ಬಂದು ಬಡಿದದ್ದನ್ನು ನೀವೆಲ್ಲ ಪೇಪರಿನಲ್ಲಿ ನೋಡಿದ್ದೀರಿ. ಅದಕ್ಕೆ ಮಾಡುವುದಕ್ಕೇನೂ ಇಲ್ಲ, ಲೈಫ್‌ರಾಫ್ಟ್ ಇರಲಿ, ಅದರ ಸರ್ವಿಸ್ ತಾರೀಖು ಮುಗಿದಿರದಿರಲಿ.

ಮಿನಿಕಾಯ್ ವಿಷಯ ಬಂದದ್ದರಿಂದ ಒಂದು ಮಾತು. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾತ್, ಬಿತ್ರಾ ದ್ವೀಪಗಳು ನಮ್ಮ ಕಾಸರಗೋಡಿನಂತೆಯೇ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. 1956ರ ನವೆಂಬರ್ 1ರಂದು ಅವು ಕೇಂದ್ರಾಡಳಿತಕ್ಕೂ ನಾವು ಕೇರಳಕ್ಕೂ ಸೇರಿದೆವು. ಮಿನಿಕಾಯ್ ಆ ಗುಂಪಿನದ್ದಲ್ಲ. ಅದು ಕಣ್ಣೂರಿನ ಅರಕ್ಕಲ್ ಮನೆತನದ ಕಡೆಯದು, ಅಲ್ಲಿಯ ಜನರ ಮಾತು ಮಾಲ್ದೀವ್ಸ್‌ನವರ ದಿವೇಹಿಗೆ ಹತ್ತಿರದ್ದು. ನೀವು ಹೋಗುವ ದಾರಿಯಲ್ಲಿ ಅದು ಸುಮಾರು ಐವತ್ತು ಮೈಲು ಆಚೆಯೇ ಉಳಿದುಬಿಡುತ್ತದೆ.

ಮಂಜೇಶ್ವರದ ಮೊಗವೀರ

ಮಾಸ್ತರರಿಗೆ ನಮಸ್ಕಾರ. ಹಡಗಿನ ಅಣ್ಣ ದೊಡ್ಡ ಹಡಗುಗಳ ಬಗ್ಗೆ ಬರೆದರು. ನಾನು ಬಲೆಗಳ ಬಗ್ಗೆ ಬರೆಯುತ್ತೇನೆ, ಏಕೆಂದರೆ ಹಡಗುಗಳ ಸಾಲಿಗೆ ತಲುಪುವ ಮುಂಚೆ ನೀವು ನಮ್ಮಂಥವರ ನಡುವೆ ಮೂವತ್ತು ನಲವತ್ತು ಮೈಲು ಹೋಗಬೇಕು.

ರಾತ್ರಿ ಕಂತಬಲೆ ಬಿಟ್ಟ ದೋಣಿ ಓಡುವುದಿಲ್ಲ. ಬಲೆಯ ಒಂದು ತುದಿಯನ್ನು ದೋಣಿಗೆ ಕಟ್ಟಿಕೊಂಡು ನೀರಿನ ಸೆಳೆತಕ್ಕೆ ತೇಲುತ್ತಾ ಇರುತ್ತದೆ, ಇನ್ನೊಂದು ತುದಿಯಲ್ಲಿ ಬಿದಿರಿನ ಗಳಕ್ಕೆ ಬಾವುಟವನ್ನೂ ಮಿಣುಕುವ ಬ್ಯಾಟರಿ ದೀಪವನ್ನೂ ಕಟ್ಟಿರುತ್ತಾರೆ. ನಡುವೆ ಎರಡು ಮೂರು ಕಿಲೋಮೀಟರು ಬಲೆ. ದೋಣಿಯ ಬಿಳಿ ದೀಪಕ್ಕೂ ಆ ಮಿಣುಕು ದೀಪಕ್ಕೂ ನಡುವೆ ವಿಶಾಲವಾದ ಖಾಲಿ ಜಾಗ ಕಾಣಿಸಿ, ಅಲ್ಲಿಂದಲೇ ಹೋಗೋಣವೆಂದು ಹೊಸಬರಿಗೆ ಅನ್ನಿಸುವುದು ಸಹಜ. ಬಲೆ ಇರುವುದೇ ಅಲ್ಲಿ. ಯಾವಾಗಲೂ ದೋಣಿಯ ಆಚೆಬದಿಯಿಂದ, ಬಲೆಯಿಲ್ಲದ ಕಡೆಯಿಂದ ಸುತ್ತಿ ಹೋಗಿ. ಯಾವ ಕಡೆ ಬಲೆ ಎಂದು ಗೊತ್ತಾಗದಿದ್ದರೆ ವೇಗ ತಗ್ಗಿಸಿ, ನಿಮ್ಮ ಹಾಯಿಯ ಮೇಲೆ ಟಾರ್ಚು ಹಾಕಿ ನಿಂತುಕೊಳ್ಳಿ. ಬಲೆ ಹರಿದರೆ ಲಕ್ಷದ ಮಾತಾದ್ದರಿಂದ ದೋಣಿಯವರೇ ಕೂಗಿ, ಟಾರ್ಚಿನಿಂದ ದಾರಿ ತೋರಿಸುತ್ತಾರೆ. ಬಲೆಯ ಮೇಲೆಯೇ ಬಂದಿರುವುದು ಗೊತ್ತಾದ ಕ್ಷಣದಲ್ಲಿ ಇಂಜಿನನ್ನು ನ್ಯೂಟ್ರಲ್‌ಗೆ ತನ್ನಿ. ಹಗ್ಗ ಚುಕ್ಕಾಣಿಯಿಂದ ಜಾರಿಕೊಂಡರೂ ಜಾರೀತು, ದೋಣಿಯನ್ನು ಮುಂದೆ ತಳ್ಳುವ, ನೀರಿನೊಳಗೆ ತಿರುಗುವ ಫ್ಯಾನಿಗೆ ಒಮ್ಮೆ ಸುತ್ತಿಕೊಂಡರೆ ಕತ್ತಿ ಹಿಡಿದು ನೀರಿಗೆ ಇಳಿಯದೆ ಬೇರೆ ದಾರಿಯಿಲ್ಲ. ರಾತ್ರಿ ಯಾರೂ ಇಳಿಯಬಾರದು.

ಕಾಲದ ಬಗ್ಗೆ ಕೇಳಿದಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತೇ ಇಲ್ಲ. ಅಕ್ಟೋಬರ್, ನವೆಂಬರ್‌ಗಳಲ್ಲಿ ಕಡಲು ತಣ್ಣಗಿದ್ದಂತೆ ಕಂಡರೂ ನಂಬುವಂತಿಲ್ಲ. 2017ರಲ್ಲಿ ಓಖಿ ಚಂಡಮಾರುತ ನವೆಂಬರ್ ಕೊನೆಯಲ್ಲಿ ಎದ್ದು, ತೆಂಕಣ ಕೇರಳದ ಮತ್ತು ಕನ್ಯಾಕುಮಾರಿಯ ಎಷ್ಟು ಜನ ಮೀನುಗಾರರನ್ನು ನುಂಗಿತೆಂಬುದನ್ನು ನಮ್ಮವರು ಯಾರೂ ಮರೆತಿಲ್ಲ. ಅದು ಮಿನಿಕಾಯ್ ಪಕ್ಕದಲ್ಲೇ ಹಾದುಹೋದದ್ದು. 2021ರ ಮೇ ತಿಂಗಳ ತೌಕ್ತೆಯಲ್ಲಿ ನಮ್ಮ ಕರಾವಳಿಯ ಮನೆಗಳೇ ಕಡಲಿಗೆ ಹೋದವು. ಹಾಗಾಗಿ ಡಿಸೆಂಬರ್ ಅರ್ಧ ಕಳೆದ ಮೇಲಿನಿಂದ ಏಪ್ರಿಲ್ ಅರ್ಧದವರೆಗೆ ಎಂದಿಟ್ಟುಕೊಳ್ಳಿ. ಆ ತಿಂಗಳುಗಳಲ್ಲಿ ದಡದ ಹತ್ತಿರ ರಾತ್ರಿ ಮೂಡುಗಾಳಿ, ಮಧ್ಯಾಹ್ನದ ಮೇಲೆ ಪಡುಗಾಳಿ. ಬೆಳಗಿನ ಜಾವದಲ್ಲಿ ಹೊರಟರೆ ನೆಲದ ಗಾಳಿಯೇ ನಿಮ್ಮನ್ನು ಹೊರಗೆ ತಳ್ಳಿಕೊಡುತ್ತದೆ. ಡಿಸೆಂಬರ್, ಜನವರಿಯಲ್ಲಿ ದಡದ ನೀರು ಬಡಗಿಗೆ ಎಳೆಯುತ್ತದೆ, ಅದನ್ನು ನಕ್ಷೆಯಲ್ಲಿ ಲೆಕ್ಕಕ್ಕೆ ಹಿಡಿಯಿರಿ.

ವಾಂತಿಗೆ ಅವೋಮಿನ್ ಮಾತ್ರೆಯನ್ನು ಹೊರಡುವ ಹಿಂದಿನ ರಾತ್ರಿಯೇ ತೆಗೆದುಕೊಳ್ಳಿ, ವಾಂತಿ ಶುರುವಾದ ಮೇಲೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನಿಮ್ಮ ವಯಸ್ಸಿಗೆ ಡಾಕ್ಟರನ್ನು ಒಮ್ಮೆ ಕೇಳಿಯೇ ತೆಗೆದುಕೊಂಡರೆ ಒಳ್ಳೆಯದು. ಮೊದಲ ದಿನ ಕುಚ್ಚಿಲಕ್ಕಿ ಗಂಜಿ, ಉಪ್ಪಿನಕಾಯಿ ಬಿಟ್ಟರೆ ಬೇರೆ ಏನೂ ಬೇಡ.

ಬೇಕಲದ ಪಡುಗಾಳಿ

ನಾನು 2023ರ ಫೆಬ್ರವರಿಯಲ್ಲಿ ಸ್ನೇಹಿತರ 38 ಅಡಿಯ ದೋಣಿಯಲ್ಲಿ ಕೆಲಸಗಾರನಾಗಿ ಇದೇ ದಾರಿಯಲ್ಲಿ ಹೋಗಿ ಬಂದವನು. ಮೇಲಿನ ಮೂವರೂ ಬರೆದದ್ದು ನಿಜ, ಮತ್ತು ಮೊಗವೀರರ ಮಾತನ್ನು ನಾವು ಮೊದಲೇ ಓದಿದ್ದರೆ ಮೊದಲ ರಾತ್ರಿಯೇ ಫ್ಯಾನಿಗೆ ಬಲೆಯ ಹಗ್ಗ ಸುತ್ತಿಸಿಕೊಂಡು ಬೆಳಗಾಗುವವರೆಗೆ ತೇಲುತ್ತಾ ಕೂರಬೇಕಾಗಿರಲಿಲ್ಲ. ಬೆಳಗ್ಗೆ ನಾನೇ ಇಳಿದೆ. ಹಸಿರು ನೈಲಾನ್ ಹಗ್ಗ ಫ್ಯಾನಿನ ದಂಡಕ್ಕೆ ಸುತ್ತಿ, ಉಜ್ಜಿದ ಬಿಸಿಗೆ ಕರಗಿ, ಕಲ್ಲಿನಂತೆ ಗಟ್ಟಿಯಾಗಿತ್ತು. ಅಡುಗೆಮನೆಯ ಕತ್ತಿಯಿಂದ ಒಂದು ಗಂಟೆಯ ಕೆಲಸ. ಬಲೆಯವರಿಗೆ ಆದ ನಷ್ಟವನ್ನು ನನ್ನ ಸ್ನೇಹಿತರು ಅಲ್ಲೇ ಮಾತಾಡಿ ಕೊಟ್ಟರು.

ನಮ್ಮ ದೊಡ್ಡ ತಪ್ಪು ಗಡಿಯಾರದ್ದು. ಕ್ಲಿಯರೆನ್ಸ್ ಸಿಕ್ಕ ಸಂತೋಷದಲ್ಲಿ ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಹೊರಟುಬಿಟ್ಟೆವು. ಹಗ್ಗದ ಕೆಲಸಕ್ಕೆ ಕಳೆದ ಹೊತ್ತೂ ಸೇರಿ, ಶುಕ್ರವಾರ ನಸುಕಿನ ಮೂರು ಗಂಟೆಗೆ ದ್ವೀಪದ ಮುಂದೆ ತಲುಪಿದೆವು. ಹವಳದ ದ್ವೀಪಕ್ಕೆ ಕತ್ತಲಲ್ಲಿ ಹೋಗುವುದೆಂದರೆ ಕಣ್ಣು ಕಟ್ಟಿಕೊಂಡು ಬಾವಿಕಟ್ಟೆಯ ಮೇಲೆ ನಡೆದಂತೆ. ನೂರಾರು ಮಾರು ಆಳವಿದ್ದ ನೀರು ದೋಣಿಯ ಉದ್ದದಷ್ಟು ಅಂತರದಲ್ಲಿ ಮೊಣಕಾಲು ಮಟ್ಟಕ್ಕೆ ಬರುತ್ತದೆ. ಸೂರ್ಯ ನೆತ್ತಿಯ ಹತ್ತಿರವಿದ್ದು ಬೆನ್ನ ಹಿಂದಿದ್ದರೆ ಹವಳ ಕಂದಾಗಿಯೂ ಮರಳು ತಿಳಿಹಸಿರಾಗಿಯೂ ಆಳ ಕಡುನೀಲಿಯಾಗಿಯೂ ಕಾಣುತ್ತದೆ, ಒಬ್ಬರು ಮೂತಿಯ ಮೇಲೆ ನಿಂತು ಬಣ್ಣ ನೋಡಿ ಕೈ ತೋರಿಸುತ್ತಾ ಹೋಗಬಹುದು. ಹಾಗಾಗಿ ಬೆಳಕು ಬರುವವರೆಗೆ ಹಾಯಿ ಇಳಿಸಿ ಹೊರಗಡಲಿನಲ್ಲೇ ತೇಲುತ್ತಾ ಕಾದೆವು. ಒಳಗೆ ಹೋಗಿ ಲಂಗರು ಹಾಕಿದ ಮೇಲೆ ನೆನಪಾಯಿತು, ಅಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಹಳದಿ ಬಾವುಟ ಏರಿಸಿ, ಅಧಿಕಾರಿಗಳು ಬಂದು ನೋಡುವವರೆಗೆ ದಡಕ್ಕೆ ಕಾಲಿಡುವಂತಿಲ್ಲದೆ, ಕಣ್ಣೆದುರಿಗೇ ಇದ್ದ ತೆಂಗಿನ ಮರಗಳನ್ನು ನೋಡುತ್ತಾ ಸಂಜೆಯವರೆಗೆ ಕುಳಿತೆವು, ರಜೆಯ ದಿನದ ಹೆಚ್ಚಿನ ಶುಲ್ಕವನ್ನೂ ಕೊಟ್ಟೆವು. ನೀವು ಸೋಮವಾರ ಬೆಳಗ್ಗೆ ಐದಕ್ಕೆ ಹೊರಟರೆ ಬುಧವಾರ ಹನ್ನೊಂದರ ಹೊತ್ತಿಗೆ ತಲುಪುತ್ತೀರಿ. ಅವರ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದೆ.

ಅಲ್ಲಿ ಏಜೆಂಟರಿಲ್ಲದೆ ಏನೂ ನಡೆಯುವುದಿಲ್ಲ. ಹೊರಡುವ ಮೊದಲೇ ಒಬ್ಬರನ್ನು ಗೊತ್ತುಮಾಡಿ, ಶುಲ್ಕದಲ್ಲಿ ಯಾವುದೆಲ್ಲ ಸೇರಿದೆ ಎಂದು ಬರಹದಲ್ಲಿ ತರಿಸಿಕೊಳ್ಳಿ. ನಮಗೆ ಬಾಯಿಮಾತಿನ ಮೊತ್ತ ಒಂದು, ಕೊನೆಯ ಬಿಲ್ಲು ಇನ್ನೊಂದು ಆಯಿತು. ಬೇರೆ ದ್ವೀಪಗಳಿಗೂ ಹೋಗುವುದಾದರೆ ಪ್ರತ್ಯೇಕ ಅನುಮತಿ ಬೇಕು, ಅದನ್ನೂ ಅವರೇ ಮಾಡಿಸುತ್ತಾರೆ. ಭಾರತೀಯರಿಗೆ ವೀಸಾ ಮೊದಲೇ ಬೇಡ. ಮದ್ಯ, ಹಂದಿಮಾಂಸ ತರುವಂತಿಲ್ಲ. ಪೂಜೆಯ ವಿಗ್ರಹಗಳೂ ಅವರ ನಿಷೇಧದ ಪಟ್ಟಿಯಲ್ಲಿವೆ, ಇದು ನಮ್ಮ ಊರಿನವರಿಗೆ ಹೊಳೆಯುವುದೇ ಇಲ್ಲ. ಚುಕ್ಕಾಣಿಯ ಬಳಿ ಹಿತ್ತಾಳೆಯ ಗಣಪತಿಯನ್ನು ಕೂರಿಸಿದ್ದರೆ ಕೊಚ್ಚಿಯಲ್ಲೇ ಯಾರ ಮನೆಯಲ್ಲಾದರೂ ಬಿಟ್ಟು ಹೋಗಿ.

ಮಾಸ್ತರರೇ, ನೀವು ಹೋಗುವ ದಾರಿಯನ್ನಷ್ಟೇ ಕೇಳಿದಿರಿ, ಬರುವ ದಾರಿಯನ್ನು ಕೇಳಲಿಲ್ಲ. ಕೊಚ್ಚಿಯಿಂದ ಉಲಿಗಮು ನೈಋತ್ಯಕ್ಕಿದೆ. ಜನವರಿ, ಫೆಬ್ರವರಿಯಲ್ಲಿ ಗಾಳಿ ಈಶಾನ್ಯದಿಂದ ಬೀಸುವುದರಿಂದ ಹೋಗುವಾಗ ಬೆನ್ನಿಗೆ ಸಿಗುತ್ತದೆ, ಹೊರಗಿನ ನೀರಿನ ಸೆಳೆತವೂ ಪಡುವಣಕ್ಕೇ ಇರುತ್ತದೆ. ಬರುವಾಗ ಅದೇ ಗಾಳಿ, ಅದೇ ಸೆಳೆತ ನೇರ ಮುಖಕ್ಕೆ. ಹೋಗುವಾಗ ಎರಡೂವರೆ ದಿನದಲ್ಲಿ ಮುಗಿದ ದಾರಿ ಬರುವಾಗ ನಾಲ್ಕೂವರೆ ದಿನ ಹಿಡಿಯಿತು. ಅಲೆಯ ಮೇಲೆ ಏರಿದ ಮೂತಿ ದೊಪ್ಪೆಂದು ಬೀಳುವ ಸದ್ದಿನಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ಇಂಜಿನ್ ಗಂಟೆಗೆ ಮೂರು ಲೀಟರಿನಂತೆ ಡೀಸೆಲ್ ಕುಡಿಯುತ್ತಿತ್ತು. ಟ್ಯಾಂಕು ಸಾಲದೆ, ದ್ವೀಪದಲ್ಲಿ ಏಜೆಂಟರ ಮೂಲಕ ತರಿಸಿ ಕ್ಯಾನುಗಳಲ್ಲಿ ಕಟ್ಟಿಕೊಂಡಿದ್ದ 120 ಲೀಟರ್ ಇಲ್ಲದಿದ್ದರೆ ಕಷ್ಟವಿತ್ತು. ಮಾರ್ಚ್ ಕೊನೆಗೆ ಗಾಳಿ ವಾಯುವ್ಯಕ್ಕೆ ತಿರುಗಿ ಬಲ ಕಳೆದುಕೊಳ್ಳುತ್ತದೆ. ಆಗ ಅದು ಎಡಮಗ್ಗುಲಿಗೆ ಬೀಳುವುದರಿಂದ ಹಾಯಿ ಕಟ್ಟಿಕೊಂಡೇ ಮನೆಗೆ ಬರಬಹುದು. ಮಾರ್ಚ್ ನಡುವಿನಲ್ಲಿ ಹೋಗಿ, ಎರಡು ವಾರ ಅಲ್ಲಿದ್ದು, ಏಪ್ರಿಲ್ ಮೊದಲ ವಾರದಲ್ಲಿ ಮರಳುವುದು ನನ್ನ ಸಲಹೆ. ಹೋಗುವಾಗ ಸ್ವಲ್ಪ ನಿಧಾನವಾದೀತು, ಆಗಲಿ.

ಚಂದ್ರಗಿರಿ ಮಾಸ್ತರ್, ಕಾಸರಗೋಡು

ಎಲ್ಲರಿಗೂ ಋಣಿ. ನಿಮ್ಮ ಉತ್ತರಗಳನ್ನು ಅಚ್ಚು ಹಾಕಿಸಿ ಶಿಷ್ಯನ ಕೈಗೆ ಕೊಟ್ಟೆ. ಸ್ಯಾಟಲೈಟ್ ಫೋನಿನ ಭಾಗ ಓದಿ ಅವನು ಬೆವರಿದ. ನಾಳೆಯೇ ವಕೀಲರನ್ನು ಕಾಣುತ್ತಾನೆ. ಹಿಂದಿನ ಮಾಲೀಕರಿಗೆ ಸುಂಕದ ರಸೀದಿಗಾಗಿ ಪತ್ರವನ್ನೂ ಬರೆದಿದ್ದಾನೆ.

ಗಣಿತದವನಾದ ನನಗೆ ಬರುವ ದಾರಿಯ ಲೆಕ್ಕ ಹೊಳೆಯದೇ ಹೋದದ್ದಕ್ಕೆ ನಾಚಿಕೆಯಾಯಿತು. ಕೊಚ್ಚಿಯಿಂದ ಇಲ್ಲಿಗೆ 170 ಮೈಲು ತಂದು, ಇಲ್ಲಿಂದ ಕೊಚ್ಚಿಗೇ ಮತ್ತೆ ಹೋಗಿ, ಆಮೇಲೆ 260 ಮೈಲು ಹೊರಡುವುದರಲ್ಲಿ ಅರ್ಥವಿಲ್ಲವೆಂದು ನಾನು ಹೇಳಿದೆ. ಅವನು ಒಪ್ಪಿದ, ಆದರೆ ಊರಿನ ಅಳಿವೆಯ ಆಸೆ ಬಿಟ್ಟಿಲ್ಲ. ಕೊನೆಗೆ ಒಂದು ತೀರ್ಮಾನಕ್ಕೆ ಬಂದೆವು. ಈ ವರ್ಷ ನೋಂದಣಿಯ ಕೆಲಸ. ಡಿಸೆಂಬರ್ ಕೊನೆಯಲ್ಲಿ ಮೂವರೂ ಕೊಚ್ಚಿಯಿಂದ ಕಾಸರಗೋಡಿಗೆ, ದಡದಿಂದ ಇಪ್ಪತ್ತು ಮೈಲು ಹೊರಗೆ, ರಾತ್ರಿ ಪಾಳಿಯೊಂದಿಗೆ ಬಂದು ಹೋಗುವುದು. ಅದರಲ್ಲಿ ನಾನು ವಾಂತಿ ಮಾಡಿಕೊಂಡು ಮೂಲೆ ಹಿಡಿದರೆ ಮುಂದಿನ ವರ್ಷದ ಮಾರ್ಚ್‌ಗೆ ನನ್ನ ಜಾಗದಲ್ಲಿ ಬೇರೆಯವರು. ಆ ದೋಣಿ ನೀರಿನ ಕೆಳಗೆ 1.7 ಮೀಟರ್ ಇಳಿದಿರುತ್ತದೆ. ಮೊಗವೀರ ಅಣ್ಣನವರು ಹೇಳಬೇಕು, ಕೀಯೂರಿನ ಅಳಿವೆಯೊಳಗೆ ಅದು ಬಂದೀತೇ?

ಮಂಜೇಶ್ವರದ ಮೊಗವೀರ

ಬಂದೀತು, ಆದರೆ ನೀರು ತುಂಬಿರುವಾಗ ಮತ್ತು ಹಗಲಿನಲ್ಲಿ ಮಾತ್ರ. ನಮ್ಮಲ್ಲಿ ಉಬ್ಬರ ಇಳಿತಗಳ ಅಂತರ ಒಂದೂವರೆ ಮೀಟರಿನ ಒಳಗೇ ಇರುವುದರಿಂದ ನೀರಿನಿಂದ ಸಿಗುವ ಸಹಾಯ ಬಹಳವಿಲ್ಲ. ಅಳಿವೆಯ ಬಾಯಲ್ಲಿರುವ ಮರಳಿನ ದಿಣ್ಣೆ ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ, ಹೋದ ವರ್ಷದ ಆಳವನ್ನು ಈ ವರ್ಷ ನಂಬುವಂತಿಲ್ಲ. ಮಧ್ಯಾಹ್ನದ ಪಡುಗಾಳಿಗೆ ಅಲ್ಲಿ ಅಲೆ ಮುರಿಯಲು ಶುರುವಾಗುತ್ತದೆ, ಆದ್ದರಿಂದ ಬೆಳಗ್ಗೆ ಹನ್ನೊಂದರ ಒಳಗಿನ ಉಬ್ಬರ ಇರುವ ದಿನವನ್ನೇ ಪಂಚಾಂಗ ನೋಡಿ ಆರಿಸಿ. ಅಮಾವಾಸ್ಯೆ, ಹುಣ್ಣಿಮೆಗಳ ಮರುದಿನ, ಅದರ ಮರುದಿನಗಳಲ್ಲಿ ನೀರು ಹೆಚ್ಚು.

ಮುಂಚೆಯೇ ತಲುಪಿದರೆ ಬಾಯಿಯ ಹತ್ತಿರ ಬರಬೇಡಿ, ಹೊರಗೆ ಐದಾರು ಮಾರು ಆಳದಲ್ಲಿ ಲಂಗರು ಹಾಕಿ ನಿಲ್ಲಿ. ಡಿಸೆಂಬರ್‌ನಲ್ಲಿ ದಿನ ಗೊತ್ತಾದ ಕೂಡಲೇ ಇಲ್ಲಿಯೇ ಬರೆಯಿರಿ. ಕೀಯೂರಿನಲ್ಲಿ ನಮ್ಮ ಸಂಬಂಧಿಕರ ದೋಣಿಯಿದೆ. ಹಿಂದಿನ ದಿನ ಗಳ ಹಾಕಿ ಆಳ ನೋಡಿಟ್ಟು, ಬೆಳಗ್ಗೆ ನಾನು ಅದರಲ್ಲಿ ಮುಂದೆ ಹೋಗುತ್ತೇನೆ, ನೀವು ಹಾಯಿ ಇಳಿಸಿ, ಇಂಜಿನ್ ಹಾಕಿಕೊಂಡು ನನ್ನ ಹಿಂದೆಯೇ ಬನ್ನಿ.